ಗೋಬಿ ಮರಳುಗಾಡಿಗೆ ಬೈಕಿನಲ್ಲಿ: ಕೊನೇ ಬೈಕಿನವನ ಜೊತೆ ಪ್ರಶ್ನೋತ್ತರ

ನಮಸ್ಕಾರ. ನಮ್ಮ ಗುಂಪಿನಲ್ಲಿ ಈ ಶನಿವಾರ ಸದಸ್ಯರ ಪ್ರಶ್ನೆಗೆ ಉತ್ತರ ಕೊಡೋ ಸರದಿ ನಂದು ಅಂತ ಅಡ್ಮಿನ್ ಹೇಳಿದ್ದಾರೆ. ಊರು ಹಾಸನ, ಅಲ್ಲೇ ಸಣ್ಣ ಗ್ಯಾರೇಜು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಮಂಗೋಲಿಯಾದಲ್ಲಿ ಬೈಕ್ ಟೂರ್‌ಗಳ ಜೊತೆ ಇರ್ತೀನಿ. ಮುಂದೆ ಹೋಗೋ ಗೈಡ್ ಆ ದೇಶದವರೇ. ನಂದು ಕೊನೇ ಬೈಕು. ಬಿದ್ದವರನ್ನ ಎತ್ತೋದು, ಪಂಕ್ಚರ್ ಹಾಕೋದು, ಎಲ್ಲರ ಧೂಳು ತಿನ್ನೋದು ನನ್ನ ಕೆಲಸ.

ನಮ್ಮ ಹನ್ನೆರಡು ದಿನದ ದಾರಿ ಹೀಗೆ: ರಾಜಧಾನಿ ಉಲಾನ್‌ಬಾತರ್‌ನಿಂದ ದಕ್ಷಿಣಕ್ಕೆ ಇಳಿದು ತ್ಸಗಾನ್ ಸುವರ್ಗ (ಸ್ವರ್ಗ ಅಲ್ಲ, ಬಿಳಿ ಸ್ತೂಪ ಅಂತ ಅರ್ಥ), ಯೋಲಿನ್ ಆಮ್ ಕಣಿವೆ, ಖೊಂಗೊರಿನ್ ಎಲ್ಸ್ ಮರಳುದಿಬ್ಬ, ಬಯನ್‌ಜಾಗ್‌ನ ಕೆಂಪು ದಿಬ್ಬಗಳು. ಅಲ್ಲಿಂದ ಉತ್ತರಕ್ಕೆ ತಿರುಗಿ ಓಂಗಿ, ಓರ್ಖೋನ್ ಕಣಿವೆಯ ಹುಲ್ಲುಗಾವಲು, ಖಾರ್ಖೊರಿನ್, ವಾಪಸ್. ಗೋಬಿ ಮಂಚೂರಿ ಜೋಕು ಒಬ್ಬರು ಆಗ್ಲೇ ಹಾಕಿದ್ದಾರೆ, ಇನ್ನು ಬೇಡ. ಕೇಳಿ.

ಪ್ರಶ್ನೆ (ದಾವಣಗೆರೆ): ಅಣ್ಣ, ಎರಡು ಸಲ ಲಡಾಖ್ ಮುಗಿಸಿದೀನಿ, ಖಾರ್ದೂಂಗ್ ಲಾ ಹತ್ತಿದೀನಿ. ಇದೂ ಅದೇ ಥರಾನಾ?

ಉತ್ತರ: ಅಲ್ಲ. ಲಡಾಖ್‌ನಲ್ಲಿ ಕಾಡೋದು ಎತ್ತರ. ಖಾರ್ದೂಂಗ್ ಲಾ 5,359 ಮೀಟರ್, ಉಲಾನ್‌ಬಾತರ್ ಸುಮಾರು 1,350 ಮೀಟರ್. ಇಲ್ಲಿ ಉಸಿರಿಗೆ ತೊಂದರೆ ಇಲ್ಲ. ಆದ್ರೆ ಲಡಾಖ್‌ನಲ್ಲಿ ಇರೋದು ಒಂದೇ ರಸ್ತೆ, ತಪ್ಪಿಸ್ಕೋಬೇಕು ಅಂದ್ರೂ ಆಗಲ್ಲ. ಮಂಗೋಲಿಯಾದಲ್ಲಿ ಡಾಂಬರು ಬಿಟ್ಟ ಮೇಲೆ ರಸ್ತೆ ಅಂದ್ರೆ ಹಿಂದೆ ಹೋದವರ ಚಕ್ರದ ಗುರುತು, ಅಷ್ಟೇ. ಒಂದು ಜಾಡು ಕೆಟ್ಟರೆ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ಒಂದೇ ಕಡೆ ಹತ್ತು ಜಾಡು ಎಣಿಸಿದೀನಿ. ಹೆಚ್ಚಿನವು ಮುಂದೆ ಎಲ್ಲೋ ಕೂಡ್ಕೊಳ್ತವೆ. ಒಂದೆರಡು ಕೂಡ್ಕೊಳ್ಳಲ್ಲ, ಕಷ್ಟ ಅಲ್ಲೇ ಶುರು. ದೇಶ 15.6 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಎಂಟರಷ್ಟು. ಜನ ಸುಮಾರು 35 ಲಕ್ಷ, ಅದರಲ್ಲೂ ಹತ್ತಿರ ಹತ್ತಿರ ಅರ್ಧ ಜನ ರಾಜಧಾನಿಯಲ್ಲೇ. ದಾರಿ ಕೇಳೋಣ ಅಂದ್ರೆ ಯಾರನ್ನ ಕೇಳ್ತೀರಿ?

ಪ್ರಶ್ನೆ (ಹುಬ್ಬಳ್ಳಿ): ನಮಸ್ಕಾರ್ರೀ ಅಣ್ಣಾರ. ನನ್ ಕಡೆ 650 ಸಿಸಿ ಗಾಡಿ ಐತಿ, ಹೈವೇದಾಗ ಚಲೋ ಹೊಡಿತೀನ್ರಿ. ಅಲ್ಲಿ 400 ಸಿಸಿ ಕೊಡ್ತಾರಂತ, ಸಣ್ಣದಾತಲ್ರಿ? 1000 ಸಿಸಿದು ಸಿಗ್ತೈತೇನ್ರಿ?

ಉತ್ತರ: ಸಾಹೇಬ್ರೆ, ದೊಡ್ಡ ಗಾಡಿ ದೊಡ್ಡದಾಗೇ ಬೀಳುತ್ತೆ. ನಮ್ಮಲ್ಲಿರೋದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ತೂಕ 199 ಕೆಜಿ. ನನ್ನ ಕೇಳಿದ್ರೆ ಅದೇ ಜಾಸ್ತಿ. ಅಲ್ಲಿನ ಕುರಿಗಾಹಿಗಳು 150 ಸಿಸಿ ಚೈನಾ ಗಾಡಿಯಲ್ಲಿ ಹೆಂಡತಿ, ಮಗು, ಮೇಲೊಂದು ಕುರಿ ಹೇರ್ಕೊಂಡು ನಮ್ಮನ್ನ ದಾಟಿ ಹೋಗ್ತಾರೆ, ಕೈ ಬೇರೆ ಬೀಸ್ತಾರೆ. ಅವರಪ್ಪಂದಿರು ರಷ್ಯಾದ ಇಝ್ ಪ್ಲಾನೆಟಾದಲ್ಲಿ ಇದೇ ಕೆಲಸ ಮಾಡ್ತಿದ್ರು.

ದಿನಕ್ಕೆ 150ರಿಂದ 200 ಕಿ.ಮೀ. ಹೋಗ್ತೀವಿ. ವೇಗ ಬಹಳಷ್ಟು ಹೊತ್ತು 40–50. ಅಲ್ಲಿ ನಿಮ್ಮ ಹೈವೇ ಅನುಭವ ಲೆಕ್ಕಕ್ಕೆ ಬರಲ್ಲ, ಬೇಜಾರಾಗ್ಬೇಡಿ. ಒಂದು ಪರೀಕ್ಷೆ ಕೊಡ್ತೀನಿ. ಮನೆ ಅಂಗಳದಲ್ಲಿ ಹಳೇ ಹಾಸಿಗೆ ಹಾಕಿ ನಿಮ್ಮ ಗಾಡಿ ಮಲಗಿಸಿ. ಬಲಕ್ಕೆ ಮಲಗಿದ್ರೆ ಮೊದಲು ಸೈಡ್ ಸ್ಟ್ಯಾಂಡ್ ಹೊರಗೆ ತಗೀರಿ, ಗೇರಲ್ಲಿ ಬಿಡಿ. ಸೀಟಿಗೆ ಬೆನ್ನು ಕೊಟ್ಟು ಕೂತು, ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಕ್ಯಾರಿಯರ್‌ಗೆ. ಸೊಂಟದಿಂದ ಎತ್ತಬೇಡಿ, ಕಾಲಿಂದ ತಳ್ಳಿ. ಹೀಗೆ ಐದು ಸಲ ಎತ್ತೋಕಾದ್ರೆ ಸಿಸಿ ಬಗ್ಗೆ ಆಮೇಲೆ ಮಾತಾಡೋಣ.

ಪ್ರಶ್ನೆ (ಮೈಸೂರು): ಸರ್, ನಾನು ಆರು ವರ್ಷದಿಂದ ಬೈಕ್ ಓಡಿಸ್ತಿದೀನಿ. ಕಲ್ಲು, ಕೆಸರು ಎಲ್ಲಾ ಪರವಾಗಿಲ್ಲ, ಮರಳು ಅಂದ್ರೆ ಕೈ ನಡುಗುತ್ತೆ. ಒಂದ್ಸಲ ಬಿದ್ದು ಕಣಕಾಲು ಉಳುಕಿತ್ತು. ಇದನ್ನ ಕಲಿಯೋಕಾಗುತ್ತಾ?

ಉತ್ತರ: ಆಗುತ್ತೆ ಮೇಡಂ. ಭಯ ಇರೋರೇ ಬೇಗ ಕಲೀತಾರೆ. ನಾನು ಎತ್ತಿದವರಲ್ಲಿ ಹೆಚ್ಚಿನವರು ಭಯ ಇಲ್ಲದ ಗಂಡಸರು.

ಮೊದಲು ಒಂದು ಮಾತು. ಗೋಬಿ ಪೂರ್ತಿ ಮರಳಲ್ಲ. ಬಹುಪಾಲು ಜಲ್ಲಿ, ಗಟ್ಟಿ ನೆಲ, ಕುರುಚಲು ಗಿಡ. ಫೋಟೋದಲ್ಲಿ ಕಾಣೋ ಖೊಂಗೊರಿನ್ ಎಲ್ಸ್ ಸುಮಾರು 100 ಕಿ.ಮೀ. ಉದ್ದದ ಮರಳಿನ ಸಾಲು, ಕೆಲವು ಕಡೆ 300 ಮೀಟರ್ ಎತ್ತರ. ರಾಷ್ಟ್ರೀಯ ಉದ್ಯಾನದ ಜಾಗ ಅದು, ನಾವು ಬೈಕ್ ಹತ್ತಿಸಲ್ಲ. ಬೂಟು ಬಿಚ್ಚಿ ನಡೆದು ಹತ್ತಬೇಕು, ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ತುದಿಯಲ್ಲಿ ಕೂತು ಜಾರಿದ್ರೆ ಒಣ ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ, ದೂರದಲ್ಲಿ ವಿಮಾನ ಹೋದ ಹಾಗೆ ಗುಂಯ್ ಅನ್ನುತ್ತೆ. ಅದಕ್ಕೇ ಅದರ ಹೆಸರು ಹಾಡುವ ದಿಬ್ಬ.

ಬೀಳಿಸೋದು ಆ ದಿಬ್ಬ ಅಲ್ಲ. ಗಟ್ಟಿ ಜಾಡಿನ ಮಧ್ಯೆ ಇದ್ದಕ್ಕಿದ್ದ ಹಾಗೆ ಐವತ್ತು ನೂರು ಮೀಟರ್ ಮರಳು ಬರುತ್ತಲ್ಲ, ಅದು. ಮುಂದಿನ ಚಕ್ರ ಹಾವಿನ ಥರ ಆಡೋಕೆ ಶುರು ಮಾಡುತ್ತೆ. ಆಗ ಎಲ್ಲರೂ ಮಾಡೋದು ಒಂದೇ: ಆಕ್ಸಿಲರೇಟರ್ ಬಿಟ್ಟು ಮುಂದಿನ ಬ್ರೇಕ್ ಹಿಡಿಯೋದು. ಬಿಟ್ಟ ಕೂಡ್ಲೇ ಭಾರ ಮುಂದಕ್ಕೆ ಬಂದು ಚಕ್ರ ಮರಳಲ್ಲಿ ಹೂತ್ಕೊಳ್ಳುತ್ತೆ, ನೀವು ಹ್ಯಾಂಡಲ್ ದಾಟಿ ಹೋಗ್ತೀರಿ. ಮಾಡಬೇಕಾದ್ದು ಉಲ್ಟಾ. ಮರಳು ಕಂಡ ತಕ್ಷಣ, ಒಳಗೆ ಹೋಗೋಕೆ ಮುಂಚೇನೇ, ಎದ್ದು ನಿಲ್ಲಿ. ಮಂಡಿಯಲ್ಲಿ ಟ್ಯಾಂಕ್ ಹಿಡೀರಿ, ಸೊಂಟ ಸ್ವಲ್ಪ ಹಿಂದಕ್ಕೆ. ಎರಡು ಅಥವಾ ಮೂರನೇ ಗೇರು, ಒಂದೇ ಸಮ ಆಕ್ಸಿಲರೇಟರ್. ಕೈಯಲ್ಲಿ ಕೋಳಿಮರಿ ಹಿಡಿದಷ್ಟೇ ಬಿಗಿ. ಗಾಡಿ ಒದ್ದಾಡುತ್ತೆ, ಒದ್ದಾಡ್ಲಿ ಬಿಡಿ. ಕಣ್ಣು ಮಾತ್ರ ಚಕ್ರದ ಮುಂದೆ ಬೇಡ, ಮರಳು ಮುಗಿಯೋ ಕಡೆ ಇರಲಿ.

ಗಾಳಿ ನಾವು 18 ಪಿಎಸ್‌ಐಗೆ ಇಳಿಸ್ತೀವಿ, ಟಯರ್ ಸ್ವಲ್ಪ ಅಗಲ ಆಗಿ ಮೇಲೆ ತೇಲುತ್ತೆ.

ಊರಲ್ಲಿ ಅಭ್ಯಾಸಕ್ಕೆ ದಯವಿಟ್ಟು ಸಮುದ್ರದಂಡೆಗೆ ಹೋಗ್ಬೇಡಿ, ಆಮೆ ಮೊಟ್ಟೆ ಇಡೋ ಜಾಗ. ಮರಳಿಗೆ ಹತ್ತಿರದ್ದು ಉತ್ತ ಹೊಲ. ಬಿತ್ತನೆಗೆ ಮುಂಚೆ ಪರಿಚಯದವರ ಹೊಲ ಕೇಳಿ ತಗೊಂಡು ವಾರಕ್ಕೊಂದು ದಿನ ಎದ್ದು ನಿಂತು ಓಡಿಸಿ. ನಾನೂ ನಮ್ಮ ಚಿಕ್ಕಪ್ಪನ ಜೋಳದ ಹೊಲದಲ್ಲೇ ಕಲಿತಿದ್ದು, ಬೈಸ್ಕೊಂಡು. ಮತ್ತೆ ಕಣಕಾಲು ಉಳುಕಿತ್ತು ಅಂದ್ರಲ್ಲ, ಬೈಕಿನ ಬೂಟಿಗೆ ದುಡ್ಡು ಹಾಕಿ. ಜಾಕೆಟ್ ಬಾಡಿಗೆಗೆ ತಗೊಂಡ್ರೂ ನಡೆಯುತ್ತೆ, ಬೂಟು ನಿಮ್ದೇ ಇರಲಿ.

ಮರುಪ್ರಶ್ನೆ (ದುಬೈನಿಂದ ಸದಸ್ಯರು): 18 ಜಾಸ್ತಿ ಆಯ್ತು ಬ್ರದರ್. ನಾವಿಲ್ಲಿ 10–12ಕ್ಕೆ ಇಳಿಸ್ತೀವಿ.

ಉತ್ತರ: ನಿಮ್ಮ ಮರಳಿಗೆ ನಿಮ್ಮ ಲೆಕ್ಕ ಸರಿ. ನಿಮ್ದು ರಿಮ್ ಲಾಕ್ (ಟಯರ್ ಜಾರದ ಹಾಗೆ ರಿಮ್‌ಗೆ ಒತ್ತಿ ಹಿಡಿಯೋ ಕ್ಲಾಂಪು) ಇರೋ ಹಗುರ ಗಾಡಿ, ಇಡೀ ದಿನ ಮರಳೇ. ನಮ್ದು ಟ್ಯೂಬ್ ಟಯರ್, ರಿಮ್ ಲಾಕ್ ಇಲ್ಲ. 12ಕ್ಕೆ ಇಳಿಸಿದ್ರೆ ಟಯರ್ ರಿಮ್ ಮೇಲೆ ಸುತ್ತಿ ಟ್ಯೂಬಿನ ವಾಲ್ವ್ ಕಿತ್ಕೊಂಡು ಬರುತ್ತೆ. ಮರಳು ಮುಗಿದ ಕೂಡ್ಲೇ ಮೊನಚು ಕಲ್ಲು ಬೇರೆ, ರಿಮ್ ಡೊಂಕು. ಆದ್ರೆ ಒಂದು ಒಪ್ಕೋತೀನಿ, 60 ಕೆಜಿಗಿಂತ ಕಡಿಮೆ ತೂಕದವರಿಗೆ ಹಿಂದಿನ ಟಯರ್ 16 ಮಾಡಿಕೊಟ್ಟಿದೀನಿ.

ಪ್ರಶ್ನೆ (ತುಮಕೂರು, ಮೆಕ್ಯಾನಿಕ್): ಏರ್ ಫಿಲ್ಟರ್, ಚೈನ್ ಕತೆ ಏನಣ್ಣ?

ಉತ್ತರ: ಫಿಲ್ಟರ್ ದಿನಾ ಸಂಜೆ ಬಿಚ್ಚೋದೇ. ನೀನು ಚೈನಿಗೆ ಎಣ್ಣೆ ಬಳಿದು ಕಳಿಸ್ತೀಯಲ್ಲ, ಅಲ್ಲಿ ಅದೇ ಶತ್ರು: ಎಣ್ಣೆಗೆ ಮರಳು ಅಂಟಿ ಅರದ ಥರ ಸ್ಪ್ರಾಕೆಟ್ ತಿನ್ನುತ್ತೆ. ಮರಳಿನ ದಿನಗಳಲ್ಲಿ ಬ್ರಷ್ ಹಾಕಿ ಒಣಗಿಸೇ ಬಿಡ್ತೀನಿ, ಹುಲ್ಲುಗಾವಲಿಗೆ ಬಂದ ಮೇಲೆ ಎಣ್ಣೆ.

ಪ್ರಶ್ನೆ (ಉಡುಪಿ): ನಾವು ಶುದ್ಧ ಸಸ್ಯಾಹಾರಿಗಳು ಮಾರಾಯ್ರೆ. ಅಲ್ಲಿ ಬರೀ ಮಾಂಸವಂತೆ, ಉಪವಾಸವೇ ಗತಿಯಾ?

ಉತ್ತರ: ಉಪವಾಸ ಇಲ್ಲ, ರುಚಿಗೆ ಮಾತ್ರ ಬರಗಾಲ. ಮೊದಲೇ ಹೇಳಿದ್ರೆ ತ್ಸುಯ್‌ವಾನ್ ಅನ್ನೋ ಹುರಿದ ನೂಡಲ್ಸನ್ನ ಮಾಂಸ ಹಾಕದೆ ಎಲೆಕೋಸು, ಕ್ಯಾರೆಟ್ ಹಾಕಿ ಮಾಡ್ಕೊಡ್ತಾರೆ. ಆದ್ರೆ ಬಾಣಲೆ ಅದೇ, ಕೊಬ್ಬೂ ಅದೇ ಇರಬಹುದು. ಅದು ಒಪ್ಪಲ್ಲ ಅಂದ್ರೆ ಟೂರ್‌ನವರ ಜೊತೆ ಬೇರೆ ಪಾತ್ರೆ ವಿಚಾರ ಮುಂಗಡ ಕೊಡೋ ಮುಂಚೇನೇ ಮಾತಾಡಿ. ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ತನ್ನಿ. ಚಟ್ನಿಪುಡಿ ನನಗೂ ಸ್ವಲ್ಪ.

ಗೆರ್ ಅಂದ್ರೆ ಅವರ ಕಂಬಳಿ ಹೊದಿಸಿದ ದುಂಡು ಮನೆ. ಒಳಗೆ ಕಾಲಿಡ್ತಾನೇ ಉಪ್ಪು ಹಾಕಿದ ಹಾಲಿನ ಚಹಾ ಬರುತ್ತೆ. ಚಹಾ ಅಂದ್ಕೊಂಡು ಕುಡಿದ್ರೆ ಕಷ್ಟ, ಸಾರು ಅಂದ್ಕೊಂಡ್ರೆ ಒಳಗೆ ಹೋಗುತ್ತೆ. ಆರುಲ್ ಅನ್ನೋ ಒಣಗಿಸಿದ ಮೊಸರಿನ ಗಟ್ಟಿ ಕೊಡ್ತಾರೆ, ಹಲ್ಲು ಜೋಪಾನ. ಕುದುರೆ ಹಾಲು ಹುಳಿ ಬರಿಸಿದ ಐರಾಗ್‌ನಲ್ಲಿ ಸ್ವಲ್ಪ ಮದ್ಯ ಇರುತ್ತೆ, ಬೈಕ್ ಓಡಿಸೋ ದಿನ ತುಟಿಗೆ ತಾಗಿಸಿ ಬಟ್ಟಲು ವಾಪಸ್ ಕೊಡಿ, ತಪ್ಪು ತಿಳ್ಕೊಳ್ಳಲ್ಲ. ಬಲಗೈಯಲ್ಲೇ ತಗೋಬೇಕು, ಹೊಸ್ತಿಲು ತುಳೀಬಾರದು. ಇದನ್ನ ನಮ್ಮ ಜನಕ್ಕೆ ಹೇಳ್ಕೊಡೋ ಹಾಗೇ ಇಲ್ಲ, ಅಜ್ಜಿ ಆಗ್ಲೇ ಹೇಳಿರ್ತಾರೆ. ಯುರೋಪಿನವರಿಗೆ ಮೂರು ದಿನ ಬೇಕು.

ಪ್ರಶ್ನೆ (ಶಿವಮೊಗ್ಗ): ನಮ್ಮ ಹುಡುಗ ಡೈನೋಸಾರ್ ಹುಚ್ಚ. ಬಯನ್‌ಜಾಗ್‌ನಿಂದ ಒಂದು ಮೂಳೆ ಚೂರು ತಾ ಅಂತ ಈಗ್ಲೇ ಹಟ. ಸಿಗುತ್ತಾ ಸರ್?

ಉತ್ತರ: ತರಲೇಬೇಡಿ. 1923ರಲ್ಲಿ ಅಮೆರಿಕದ ರಾಯ್ ಚಾಪ್‌ಮನ್ ಆಂಡ್ರ್ಯೂಸ್ ಅವರ ತಂಡಕ್ಕೆ ಡೈನೋಸಾರ್ ಮೊಟ್ಟೆಗಳ ಗೂಡು ಸಿಕ್ಕಿದ್ದು ಆ ಕೆಂಪು ದಿಬ್ಬಗಳಲ್ಲೇ. ಪಳೆಯುಳಿಕೆ ದೇಶದಾಚೆ ಒಯ್ಯೋದು ಅಲ್ಲಿ ಅಪರಾಧ. ಕಳ್ಳದಾರಿಯಲ್ಲಿ ಹೋಗಿ 2012ರಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಾದ ಟಾರ್ಬೋಸಾರಸ್ ಅಸ್ಥಿಪಂಜರವನ್ನ ಕೋರ್ಟಿಗೆ ಹೋಗಿ ಮರುವರ್ಷ ವಾಪಸ್ ತರಿಸ್ಕೊಂಡ ದೇಶ ಅದು. ನಿಮ್ಮ ಜೇಬಿನ ಚೂರು ಬಿಡ್ತಾರಾ? ಸೂರ್ಯ ಮುಳುಗೋವಾಗ ಇಡೀ ದಿಬ್ಬ ಕೆಂಡದ ಬಣ್ಣಕ್ಕೆ ಬರುತ್ತೆ, ಅದರ ಫೋಟೋ ತಗೊಂಡು ಹೋಗಿ.

ಪ್ರಶ್ನೆ (ಬೆಂಗಳೂರು): ದಾರಿ ತಪ್ಪಿದ್ರೆ? ನೆಟ್‌ವರ್ಕ್ ಇರಲ್ವಂತೆ. ಸ್ಯಾಟಲೈಟ್ ಮೆಸೇಜ್ ಕಳಿಸೋ ಗ್ಯಾಜೆಟ್ ಕೊಂಡ್ಕೊಂಡು ಬರ್ಲಾ?

ಉತ್ತರ: ಕೊಂಡ್ಕೋಬೇಡಿ. ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನು, ಅಂಥ ಮೆಸೇಜ್ ಸಾಧನ ಇಟ್ಕೊಳ್ಳೋದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ವಿದೇಶಿ ಪ್ರವಾಸಿಗಳನ್ನೇ ನಮ್ಮ ವಿಮಾನ ನಿಲ್ದಾಣಗಳಲ್ಲಿ ಹಿಡಿದಿದ್ದಾರೆ. ಅಲ್ಲಿನ ಗೈಡ್ ಹತ್ರ ಇರುತ್ತೆ, ಅಷ್ಟು ಸಾಕು.

ದಾರಿ ತಪ್ಪೋ ವಿಚಾರ. ನನ್ನ ಮೊದಲ ವರ್ಷ ಒಬ್ಬರು ಕಣ್ಮರೆಯಾದ್ರು, ತಪ್ಪು ನಂದೇ. ಓಂಗಿ ಕಡೆ ಹೋಗ್ತಿದ್ವಿ. ಕೊನೇ ಬೈಕಿನವನು ಯಾರನ್ನೂ ಹಿಂದೆ ಬಿಡಬಾರದು, ಅದೊಂದೇ ನನ್ನ ಕೆಲಸ. ಒಂಟೆ ಹಿಂಡು ಕಂಡು, ಎರಡು ಡುಬ್ಬದ ಒಂಟೆ ಅಲ್ವಾ, ಫೋಟೋ ತೆಗೆಯೋಕೆ ಎರಡು ನಿಮಿಷ ನಿಂತೆ. ನನ್ನ ಮುಂದಿದ್ದವರು ಎಡದ ಜಾಡು ಹಿಡಿದಿದ್ರು, ನಾನು ಬಲದ ಧೂಳು ನೋಡ್ಕೊಂಡು ಹೋದೆ. ಮಧ್ಯಾಹ್ನದ ಊಟಕ್ಕೆ ತಲೆ ಎಣಿಸಿದಾಗ ಒಂದು ಕಮ್ಮಿ. ಮೂರು ಗಂಟೆ ಹುಡುಕಿದ್ವಿ. ಸಿಕ್ಕಿದ್ದು ಯಾಕೆ ಅಂದ್ರೆ ಬೆಳಿಗ್ಗೆ ಹೇಳಿದ ಮಾತನ್ನ ಅವರು ನೆನಪಿಟ್ಕೊಂಡಿದ್ರು: ಹಿಂದೆ ಧೂಳು ಕಾಣದಿದ್ರೆ ನಿಲ್ಲಿ, ಬೈಕ್ ಬಿಟ್ಟು ಹೋಗ್ಬೇಡಿ, ನಮ್ಮನ್ನ ಹುಡುಕ್ಬೇಡಿ. ಬೈಕಿನ ನೆರಳಲ್ಲಿ ಜಾಕೆಟ್ ತಲೆ ಮೇಲೆ ಹಾಕ್ಕೊಂಡು ಕೂತಿದ್ರು, ನೀರಿನ ಚೀಲದಲ್ಲಿ ಇನ್ನೂ ಅರ್ಧ ಲೀಟರ್ ಇತ್ತು. ನನಗೆ ಒಂದು ಮಾತೂ ಬೈಲಿಲ್ಲ. ಅವತ್ತಿನಿಂದ ಓಡಿಸೋ ಹೊತ್ತಲ್ಲಿ ನನ್ನ ಫೋನು ಬೆಂಬಲದ ವ್ಯಾನಲ್ಲಿರುತ್ತೆ.

ಈಗ ಜಾಡು ಕವಲಾದ ಕಡೆಯೆಲ್ಲ ಮುಂದಿನ ಗೈಡ್ ಒಬ್ಬ ಸವಾರನನ್ನ ನಿಲ್ಲಿಸಿ ಹೋಗ್ತಾರೆ. ನಾನು ಬರೋವರೆಗೂ ಆ ಸವಾರ ಅಲ್ಲಾಡೋ ಹಾಗಿಲ್ಲ. ಟೂರ್ ಆರಿಸೋವಾಗ ಇದನ್ನೇ ಕೇಳಿ: ಕವಲಲ್ಲಿ ಜನ ನಿಲ್ಲಿಸ್ತೀರಾ, ಕೊನೇ ಬೈಕು ಯಾರದು, ಹಿಂದೆ ವ್ಯಾನ್ ಬರುತ್ತಾ? ತಡವರಿಸಿದ್ರೆ ಬೇರೆಯವರನ್ನ ನೋಡಿ. ಡೇರೆಯಲ್ಲಿ ಬಿಸಿನೀರಿದೆಯಾ ಅಂತ ಆಮೇಲೆ ಕೇಳಿ.

ಪ್ರಶ್ನೆ (ಬೆಳಗಾವಿ): ಯಾವ ತಿಂಗಳ ಚಲೋರಿ? ಕಾಗದಪತ್ರ ಏನೇನ್ ಬೇಕ್ರಿ?

ಉತ್ತರ: ಜುಲೈ 11ರಿಂದ 13 ನಾದಮ್ ಹಬ್ಬ. ಕುಸ್ತಿ, ಬಿಲ್ಲು, ಕುದುರೆ ಓಟ ನೋಡೋ ಆಸೆ ಇದ್ರೆ ಆಗ. ನಮ್ಮ ಬೆಳಗಾವಿ ಕಡೆಯವರಿಗೆ ಕುಸ್ತಿ ಹಿಡಿಸುತ್ತೆ. ಆದ್ರೆ ಜುಲೈ, ಆಗಸ್ಟ್‌ನಲ್ಲಿ ಮಳೆ ಬಂದು ಓರ್ಖೋನ್ ಕಡೆ ಹೊಳೆ ತುಂಬುತ್ತೆ. ಗೋಬಿಯಲ್ಲಿ ಹಗಲು 35 ಡಿಗ್ರಿ ದಾಟುತ್ತೆ. ನನಗೆ ಇಷ್ಟ ಸೆಪ್ಟೆಂಬರ್ ಮೊದಲ ವಾರ, ರಾತ್ರಿ ಚಳಿ ತಡ್ಕೋಬೇಕು ಅಷ್ಟೇ. ಆರ್‌ಟಿಒದಲ್ಲಿ ಫಾರ್ಮ್ 4ಎ ಕೊಟ್ಟು ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಅದರಲ್ಲಿ ಮೋಟಾರ್‌ಸೈಕಲ್‌ಗೆ ಮುದ್ರೆ ಬಿದ್ದಿದೆಯಾ ನೋಡ್ಕೊಳ್ಳಿ. ಪ್ರಯಾಣ ವಿಮೆಯ ಸಣ್ಣ ಅಕ್ಷರ ಪೂರ್ತಿ ಓದಿ: ಎಷ್ಟೋ ಪಾಲಿಸಿಗಳಲ್ಲಿ ಇಷ್ಟು ಸಿಸಿ ಮೇಲಿನ ಬೈಕಿಗೆ ಪರಿಹಾರ ಇಲ್ಲ ಅಂತ ಒಂದು ಸಾಲು ಅಡಗಿರುತ್ತೆ. ವೀಸಾಕ್ಕೆ ದೆಹಲಿಯ ಮಂಗೋಲಿಯಾ ರಾಯಭಾರ ಕಚೇರಿ ಹೇಳಿದ್ದನ್ನೇ ನಂಬಿ, ವಾಟ್ಸಾಪ್ ಫಾರ್ವರ್ಡ್ ಬೇಡ.

ಪ್ರಶ್ನೆ (ಗದಗ): ನಮ್ಮ ಮಾಗಡಿ ಕೆರಿಗೆ ಚಳಿಗಾಲದಾಗ ಬರೋ ಪಟ್ಟೆತಲೆ ಬಾತು ಅಲ್ಲಿಂದನ ಬರ್ತಾವಂತ, ಖರೇ ಏನ್ರಿ?

ಉತ್ತರ: ಖರೇನೇ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿ ಬಿಟ್ಟ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಬೇಸಿಗೆಯಲ್ಲಿ ಅಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ನಿಮ್ಮೂರಿನ ಶೇಂಗಾ ಹೊಲಕ್ಕೆ ಇಳೀತವೆ. ನನಗೆ ಎರಡು ವಿಮಾನ ಬೇಕು.

ಹುಬ್ಬಳ್ಳಿ ಸದಸ್ಯರು, ಸಂಜೆ: ಗಾಡಿ ಮಲಗಿಸಿ ಎತ್ತಿದ್ನಿರಿ ಅಣ್ಣಾರ. ಎರಡ್ ಸಲ ಆತು. ಮೂರನೇದಕ್ಕ ಮನಿಯಾಕಿನ್ನ ಕರೀಬೇಕಾತು. ಆಕಿ ಕಾಲಿಂದ ತಳ್ಳಿ ಒಬ್ಬಾಕಿನ ಎತ್ತಿಬಿಟ್ಲು.

ಉತ್ತರ: ಬೈಕಲ್ಲಿ ಸೀಟ್ ಎರಡಿದೆ, ಆದ್ರೆ ಅಕ್ಕಾರಿಗೆ ಬೇರೆ ಬೈಕೇ ಬುಕ್ ಮಾಡಿ. ನೀವು ಹೊಲಕ್ಕೆ ಹೋಗಿ.