ಕಮಾಂಡ್ ಲೈನ್ ಟೂಲ್‌ನ ವೇಗ ಅಳೆಯುವಾಗ ಅಂಕಿ ಒಂದು ಕಡೆ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಪರ್ಫಾರ್ಮೆನ್ಸ್ ಕೆಲಸ ಮಾಡುವವರು ಯಾರಾದರೂ ಇದ್ದರೆ ದಾರಿ ತೋರಿಸಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಬರೆದಿದ್ದೇನೆ. ಕಡತದ ಹೆಸರು ಕೊಟ್ಟರೆ ಪಠ್ಯವನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಕೊಡುತ್ತದೆ, ಅಷ್ಟೇ. ಮೊದಲು ಪೈಥಾನ್‌ನಲ್ಲಿತ್ತು, ಈಗ ರಸ್ಟ್ ಭಾಷೆಯಲ್ಲಿ ಮತ್ತೆ ಬರೆದೆ. ಪ್ರೋಗ್ರಾಂನ ಪರಿಚಯ ಬರೆಯುವ ರೀಡ್‌ಮಿ ಕಡತದಲ್ಲಿ "ಇಷ್ಟು ಪಟ್ಟು ವೇಗ" ಅಂತ ಹಾಕೋಣವೆಂದರೆ ಅಂಕಿ ಸಲಕ್ಕೊಂದು ಬರುತ್ತಿದೆ. ಟೈಮ್ ಕಮಾಂಡ್ ಹಾಕಿ ನೋಡಿದರೆ ಮೊದಲ ಸಲ ತಗೊಂಡ ಸಮಯದ ಅರ್ಧವೂ ಎರಡನೇ ಸಲ ಬೇಕಾಗುವುದಿಲ್ಲ. ಚಿಕ್ಕ ಕಡತಕ್ಕೆ ರಸ್ಟ್ ಭಾರಿ ಮುಂದಿದೆ, ದೊಡ್ಡ ಕಡತಕ್ಕೆ ಹೋದರೆ ಅಂತರವೇ ಕರಗಿಹೋಗುತ್ತದೆ. ಕಮಾಂಡ್‌ಗಳನ್ನು ಹಲವು ಸಲ ಓಡಿಸಿ ಸಮಯ ಅಳೆಯುವ ಹೈಪರ್‌ಫೈನ್ ಅನ್ನುವ ಟೂಲ್ ಬಳಸಿ ಅಂದರು ಗೆಳೆಯರೊಬ್ಬರು. ಅದರ ಆಯ್ಕೆಗಳ ಪಟ್ಟಿ ನೋಡಿ ತಲೆ ತಿರುಗಿತು. ಯಾವುದನ್ನು ಹೇಗೆ ಹೊಂದಿಸಬೇಕು? ನನ್ನದು ಲಿನಕ್ಸ್ ಲ್ಯಾಪ್‌ಟಾಪ್.

ಉತ್ತರ:

ಆಯ್ಕೆಗಳ ಪಟ್ಟಿಯನ್ನು ಸದ್ಯ ಮುಚ್ಚಿಡಿ. ನಿಮ್ಮ ಟೂಲ್ ಬಳಸುವವರು ಅದನ್ನು ಹೇಗೆ ಓಡಿಸುತ್ತಾರೆ ಅನ್ನುವುದನ್ನು ಮೊದಲು ಹೇಳಿ. ಒಬ್ಬರು ಹಳೆಯ ಹಾರ್ಡ್ ಡಿಸ್ಕ್‌ನಲ್ಲಿರುವ ದೊಡ್ಡ ಪುಸ್ತಕದ ಕಡತವನ್ನು ಒಂದೇ ಒಂದು ಸಲ ಪರಿವರ್ತಿಸಿ ಮರೆತುಬಿಡುತ್ತಾರೆ. ಇನ್ನೊಬ್ಬರ ಬಳಿ ಪುಟಾಣಿ ಕಡತಗಳ ರಾಶಿ ಇರುತ್ತದೆ, ಶೆಲ್‌ನಲ್ಲಿ (ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಲೂಪ್ ಹಾಕಿ ಒಂದೊಂದಕ್ಕೂ ನಿಮ್ಮ ಪ್ರೋಗ್ರಾಂ ಅನ್ನು ಹೊಸದಾಗಿ ಎಬ್ಬಿಸುತ್ತಾರೆ. ಮೊದಲನೆಯವರಿಗೆ ಮುಖ್ಯವಾಗುವುದು ಡಿಸ್ಕ್‌ನಿಂದ ಓದುವ ಸಮಯ, ಎರಡನೆಯವರಿಗೆ ಪ್ರೋಗ್ರಾಂ ಏಳುವ ಸಮಯ. ಇವೆರಡಕ್ಕೂ ಸೇರಿಸಿ ಒಂದೇ ಅಂಕಿ ಕೊಡಲು ಹೊರಟಿದ್ದರಿಂದಲೇ ಅದು ನಿಮ್ಮ ಕೈಗೆ ಸಿಗುತ್ತಿಲ್ಲ.

ಚಿಕ್ಕ ಕಡತಕ್ಕೆ ರಸ್ಟ್ ಅಷ್ಟು ಮುಂದೆ ಯಾಕೆ ಅನ್ನುವುದೂ ಇಲ್ಲೇ ಇದೆ. ಪೈಥಾನ್ ಇಂಟರ್‌ಪ್ರಿಟರ್ ಎದ್ದು, ಮಾಡ್ಯೂಲ್‌ಗಳನ್ನು ಇಂಪೋರ್ಟ್ ಮಾಡಿಕೊಂಡು, ನಿಮ್ಮ ಮೊದಲ ಸಾಲಿಗೆ ಬರುವಷ್ಟರಲ್ಲಿ ರಸ್ಟ್ ಪ್ರೋಗ್ರಾಂ ಕೆಲಸ ಮುಗಿಸಿ ಹೊರಟಿರುತ್ತದೆ. ಆ ಹೋಲಿಕೆಯಲ್ಲಿ ಪರಿವರ್ತನೆಯ ವೇಗದ ಪಾಲು ಬಹಳ ಕಡಿಮೆ. ಬೇಕಾದರೆ ಪೈಥಾನ್ ಆವೃತ್ತಿಯನ್ನು ಖಾಲಿ ಕಡತದ ಮೇಲೆ ಓಡಿಸಿ ನೋಡಿ, ಹೆಚ್ಚುಕಡಿಮೆ ಅದೇ ಸಮಯ ಬರುತ್ತದೆ. ಯಾವ ಇಂಪೋರ್ಟ್ ಎಷ್ಟು ತಿನ್ನುತ್ತಿದೆ ಅಂತ ನೋಡಬೇಕಿದ್ದರೆ ಪೈಥಾನ್ 3.7ರಿಂದ ಇಂಪೋರ್ಟ್‌ಟೈಮ್ ಅನ್ನುವ ಆಯ್ಕೆ ಇದೆ.

ಎರಡನೇ ಸಲ ಅರ್ಧಕ್ಕಿಂತ ಕಡಿಮೆಯಾಗುವುದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಪೇಜ್ ಕ್ಯಾಶ್‌ನಿಂದ. ಮೊದಲ ಸಲ ಡಿಸ್ಕ್‌ನಿಂದ ಬಂದ ಕಡತ ಆಮೇಲೆ ಮೆಮೊರಿಯಲ್ಲೇ ಕೂತಿರುತ್ತದೆ. ಇಲ್ಲಿ ಎರಡು ದಾರಿ, ಒಂದನ್ನು ಆರಿಸಿಕೊಳ್ಳಬೇಕು. ಬೆಚ್ಚಗಿನ ಕ್ಯಾಶ್‌ನಲ್ಲಿ, ಅಂದರೆ ಕಡತ ಮೆಮೊರಿಯಲ್ಲಿರುವಾಗ, ಅಳೆಯುವುದಾದರೆ ಹೈಪರ್‌ಫೈನ್‌ನ ವಾರ್ಮಪ್ ಆಯ್ಕೆಗೆ 3 ಅಂತ ಕೊಡಿ, ಮೊದಲ ಮೂರು ಓಟಗಳನ್ನು ಅದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನೀವಾಗಿ ಕೊಡದಿದ್ದರೆ ವಾರ್ಮಪ್ ಸೊನ್ನೆ ಅಂತ ನೆನಪಿರಲಿ. ತಣ್ಣಗಿನ ಕ್ಯಾಶ್‌ನಲ್ಲಿ, ಅಂದರೆ ಕಡತ ಡಿಸ್ಕ್‌ನಿಂದಲೇ ಬರಬೇಕಾದಾಗ, ಅಳೆಯುವುದಾದರೆ ವಾರ್ಮಪ್ ಬೇಡ. ಬದಲಿಗೆ ಪ್ರಿಪೇರ್ ಆಯ್ಕೆಯಲ್ಲಿ ಮೊದಲು ಬಾಕಿ ಬರಹವನ್ನು ಡಿಸ್ಕ್‌ಗೆ ಇಳಿಸುವ ಸಿಂಕ್ ಕಮಾಂಡ್ ಓಡಿಸಿ, ನಂತರ ಕ್ಯಾಶ್ ಖಾಲಿ ಮಾಡಿಸಲು ಕರ್ನಲ್‌ನ ಡ್ರಾಪ್ ಕ್ಯಾಶಸ್ ಕಡತಕ್ಕೆ 3 ಬರೆಯಿರಿ. ರೂಟ್ (ಯಂತ್ರದ ನಿರ್ವಾಹಕರ) ಅನುಮತಿ ಬೇಕಾಗುತ್ತದೆ. ಸಿಂಕ್ ಬಿಟ್ಟರೆ ಇನ್ನೂ ಡಿಸ್ಕ್‌ಗೆ ಇಳಿಯದ ಪುಟಗಳು ಹಾಗೇ ಉಳಿದುಬಿಡುತ್ತವೆ. ಪ್ರಿಪೇರ್‌ನಲ್ಲಿ ಕೊಟ್ಟದ್ದು ಪ್ರತಿ ಓಟಕ್ಕೂ ಮುಂಚೆ ನಡೆಯುತ್ತದೆ, ಅದರ ಸಮಯ ಲೆಕ್ಕಕ್ಕೆ ಬರುವುದಿಲ್ಲ. ಸೆಟಪ್ ಅನ್ನುವ ಆಯ್ಕೆಯೂ ಇದೆ, ಅದು ಎಲ್ಲ ಓಟಗಳಿಗೂ ಮುಂಚೆ ಒಂದೇ ಸಲ. ಕ್ಯಾಶ್ ಖಾಲಿ ಮಾಡುವ ಕೆಲಸವನ್ನು ಸೆಟಪ್‌ನಲ್ಲಿ ಇಟ್ಟರೆ ಮೊದಲ ಓಟ ಮಾತ್ರ ತಣ್ಣಗೆ, ಉಳಿದವೆಲ್ಲ ಬೆಚ್ಚಗೆ. ಆ ಸರಾಸರಿಯಿಂದ ಯಾರಿಗೂ ಉಪಯೋಗವಿಲ್ಲ.

ಎಷ್ಟು ಸಲ ಓಡಿಸಬೇಕು ಅನ್ನುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕನಿಷ್ಠ 10 ಓಟ, ಒಟ್ಟು ಕನಿಷ್ಠ 3 ಸೆಕೆಂಡ್ ಅನ್ನುವ ಅದರ ಪೂರ್ವನಿಯೋಜಿತ ಲೆಕ್ಕ ಶುರುವಿಗೆ ಸಾಕು.

ಶೆಲ್ ವಿಷಯಕ್ಕೆ ಬರೋಣ. ಹೈಪರ್‌ಫೈನ್ ನಿಮ್ಮ ಕಮಾಂಡನ್ನು ಒಂದು ಶೆಲ್ ಮೂಲಕ ಓಡಿಸಿ, ಶೆಲ್ ಏಳುವ ಸಮಯವನ್ನು ಮುಂಚೆಯೇ ಅಳೆದಿಟ್ಟುಕೊಂಡು ಕಳೆಯುತ್ತದೆ. ಕಮಾಂಡ್ 5 ಮಿಲಿಸೆಕೆಂಡ್‌ಗಿಂತ ಬೇಗ ಮುಗಿದರೆ ಈ ಕಳೆಯುವ ಲೆಕ್ಕವನ್ನು ನಂಬಲಾಗದು ಅಂತ ಅದೇ ಎಚ್ಚರಿಸುತ್ತದೆ. ನಿಮ್ಮ ಚಿಕ್ಕ ಕಡತದ ಪರೀಕ್ಷೆ ಆ ಗೆರೆಯ ಕೆಳಗೇ ಬೀಳುವ ಸಾಧ್ಯತೆ ಇದೆ. ಅಲ್ಲಿ ಶೆಲ್ ಆಯ್ಕೆಗೆ ನನ್ (none) ಅಂತ ಕೊಟ್ಟು ಶೆಲ್ ಅನ್ನೇ ತೆಗೆದುಬಿಡಿ. ಆಗ ಪೈಪ್, ರೀಡೈರೆಕ್ಷನ್, ನಕ್ಷತ್ರ ಚಿಹ್ನೆ ಯಾವುದೂ ಕೆಲಸ ಮಾಡುವುದಿಲ್ಲ. ನಿಮಗೆ ಅವು ಬೇಕಾಗಿಯೂ ಇಲ್ಲ.

ಇನ್ನು ಲ್ಯಾಪ್‌ಟಾಪ್. ಚಾರ್ಜರ್ ಹಾಕಿ, ಬ್ರೌಸರ್ ಮುಚ್ಚಿ, ಸಿಪಿಯು ವೇಗವನ್ನು ನಿರ್ಧರಿಸುವ ಗವರ್ನರ್ ಅನ್ನು ಪರ್ಫಾರ್ಮೆನ್ಸ್‌ಗೆ ಬದಲಿಸಿ. ಇಂಟೆಲ್ ಆದರೆ ವೇಗವನ್ನು ತಾನಾಗಿ ಏರಿಸುವ ಟರ್ಬೋವನ್ನು ಆಫ್ ಮಾಡಿ ಅಳೆಯುವುದೂ ಒಳ್ಳೆಯದು. ಅಂಕಿ ಕಡಿಮೆ ಮೋಹಕವಾಗಿರುತ್ತದೆ, ಹೆಚ್ಚು ಸ್ಥಿರವಾಗಿರುತ್ತದೆ. ಹೈಪರ್‌ಫೈನ್ ಮೊದಲ ಕಮಾಂಡ್‌ನ ಎಲ್ಲ ಓಟ ಮುಗಿಸಿಯೇ ಎರಡನೆಯದಕ್ಕೆ ಹೋಗುತ್ತದೆ, ಒಂದಾದ ಮೇಲೊಂದು ಬೆರೆಸುವುದಿಲ್ಲ. ಅಷ್ಟರಲ್ಲಿ ಯಂತ್ರ ಬಿಸಿಯಾಗಿ ವೇಗ ಇಳಿಸಿಕೊಂಡಿದ್ದರೆ ಪೆಟ್ಟು ಎರಡನೆಯದಕ್ಕೇ. ಆದ್ದರಿಂದ ಒಮ್ಮೆ ಪೈಥಾನ್ ಮೊದಲು, ಇನ್ನೊಮ್ಮೆ ರಸ್ಟ್ ಮೊದಲು ಇಟ್ಟು ಓಡಿಸಿ. ಕ್ರಮ ಬದಲಿಸಿದರೆ ಉತ್ತರ ಬದಲಾಗುತ್ತಿದೆ ಅಂದರೆ ಇನ್ನೂ ಅಳತೆ ಶುರುವಾಗಿಲ್ಲ ಅಂತಲೇ ಲೆಕ್ಕ.

ದೊಡ್ಡ ಕಡತದಲ್ಲಿ ಅಂತರ ಕರಗುವುದರ ಬಗ್ಗೆ ನನಗೊಂದು ಅನುಮಾನವಿದೆ. ಆದರೆ ಹೈಪರ್‌ಫೈನ್ ತೋರಿಸುವ ಯೂಸರ್ ಸಮಯ (ಪ್ರೋಗ್ರಾಂನ ಸ್ವಂತ ಕೆಲಸ) ಮತ್ತು ಸಿಸ್ಟಂ ಸಮಯ (ಅದರ ಪರವಾಗಿ ಕರ್ನಲ್ ಮಾಡುವ ಕೆಲಸ) ನೋಡದೆ ಹೇಳುವುದಿಲ್ಲ. ಅವೆರಡನ್ನೂ ಕೊಡಿ. ರಸ್ಟ್ ಅನ್ನು ರಿಲೀಸ್ ಬಿಲ್ಡ್ (ವೇಗಕ್ಕಾಗಿ ಹದಗೊಳಿಸಿದ ಬಿಲ್ಡ್) ಮಾಡಿದ್ದೀರಿ ತಾನೇ? ರಸ್ಟ್‌ನ ಬಿಲ್ಡ್ ಟೂಲ್ ಆದ ಕಾರ್ಗೋದ ರನ್ ಮೂಲಕ ಅಳೆಯಬೇಡಿ, ಕಾರ್ಗೋದ ಸಮಯವೂ ಸೇರಿಕೊಳ್ಳುತ್ತದೆ. ತಯಾರಾದ ಬೈನರಿಯನ್ನೇ ನೇರವಾಗಿ ಕರೆಯಿರಿ.

ಪ್ರಶ್ನೆ ಕೇಳಿದವರು:

ರಿಲೀಸ್ ಬಿಲ್ಡೇ. ಹೇಳಿದಂತೆ ವಾರ್ಮಪ್ ಕೊಟ್ಟ ಮೇಲೆ ಅಂಕಿ ಬಹುಮಟ್ಟಿಗೆ ನಿಂತಿದೆ, ಧನ್ಯವಾದ. ದೊಡ್ಡ ಕಡತಕ್ಕೆ ಪೈಥಾನ್‌ನಲ್ಲಿ ಬಹುಪಾಲು ಯೂಸರ್ ಸಮಯ. ರಸ್ಟ್‌ನಲ್ಲಿ ಯೂಸರ್‌ಗಿಂತ ಸಿಸ್ಟಂ ಸಮಯವೇ ಜಾಸ್ತಿ! ಇನ್ನೊಂದು ವಿಚಿತ್ರ: ಫಲಿತಾಂಶವನ್ನು ಕಡತಕ್ಕೆ ಬರೆಸಿ ಟೈಮ್ ಹಾಕಿದರೆ ರಸ್ಟ್ ನಿಧಾನ, ಹೈಪರ್‌ಫೈನ್‌ನಲ್ಲಿ ಅಷ್ಟೊಂದು ಇಲ್ಲ. ಪರೀಕ್ಷೆಗೆ ಒಂದು ಪುಟದ ಪಠ್ಯವನ್ನೇ ಸಾವಿರಾರು ಸಲ ಅಂಟಿಸಿ ದೊಡ್ಡ ಕಡತ ಮಾಡಿಕೊಂಡಿದ್ದೇನೆ, ಅದು ಸರಿಯೇ?

ಉತ್ತರ:

ಅನುಮಾನ ನಿಜವಾಯಿತು. ನೀವು ಸಾಲು ಸಾಲಾಗಿ ಬರೆಯುವ ಪ್ರಿಂಟ್‌ಎಲ್‌ಎನ್ ಬಳಸುತ್ತಿದ್ದೀರಿ ಅಲ್ಲವೇ? ರಸ್ಟ್‌ನ ಸ್ಟ್ಯಾಂಡರ್ಡ್ ಔಟ್‌ಪುಟ್ ಲೈನ್ ಬಫರ್ಡ್. ಎದುರಿಗಿರುವುದು ಟರ್ಮಿನಲ್ ಆಗಲಿ, ಕಡತ ಆಗಲಿ, ಪ್ರತಿ ಸಾಲಿನ ಕೊನೆಗೆ ಒಂದು ರೈಟ್ ಸಿಸ್ಟಂ ಕಾಲ್ (ಬರೆದುಕೊಡು ಅಂತ ಕರ್ನಲ್‌ಗೆ ಕರೆ) ಹೋಗುತ್ತದೆ. ಪೈಥಾನ್ ಹಾಗಲ್ಲ. ಔಟ್‌ಪುಟ್ ಟರ್ಮಿನಲ್ ಅಲ್ಲ ಅಂತ ಗೊತ್ತಾದರೆ ಸಾಲುಗಳನ್ನು ಒಟ್ಟುಮಾಡಿ ದೊಡ್ಡ ಕಂತಿನಲ್ಲಿ ಬರೆಯುತ್ತದೆ. ಅಂದರೆ ನಿಮ್ಮ ರಸ್ಟ್ ಕೋಡ್ ಪರಿವರ್ತನೆಯಲ್ಲಿ ಗೆದ್ದ ಸಮಯವನ್ನು ಕರ್ನಲ್‌ನ ಬಾಗಿಲು ತಟ್ಟುವುದರಲ್ಲಿ ಕಳೆಯುತ್ತಿದೆ. ಇಂಥ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಟೂಲ್ ಅನ್ನು ಎಣಿಕೆಯ ಆಯ್ಕೆಯೊಂದಿಗೆ ಓಡಿಸಿ, ರೈಟ್ ಕರೆಗಳ ಸಂಖ್ಯೆ ನಿಮ್ಮ ಸಾಲುಗಳ ಸಂಖ್ಯೆಗೆ ಹತ್ತಿರ ಬರುತ್ತದೆ. ಎಸ್‌ಟ್ರೇಸ್ ಪ್ರೋಗ್ರಾಂ ಅನ್ನು ಬಹಳ ನಿಧಾನ ಮಾಡುವುದರಿಂದ ಅದರೊಳಗಿನ ಸಮಯವನ್ನು ನಂಬಬೇಡಿ, ಎಣಿಕೆಯನ್ನು ಮಾತ್ರ ತಗೊಳ್ಳಿ. ಸ್ಟ್ಯಾಂಡರ್ಡ್ ಔಟ್‌ಪುಟ್ ಅನ್ನು ಲಾಕ್ ಮಾಡಿ, ಬರಹವನ್ನು ಕೂಡಿಟ್ಟು ಕಂತಿನಲ್ಲಿ ಕಳಿಸುವ ಬಫ್‌ರೈಟರ್‌ನಲ್ಲಿ ಸುತ್ತಿ, ಕೊನೆಗೆ ಉಳಿದದ್ದನ್ನು ಹೊರಗೆ ಕಳಿಸಲು ಫ್ಲಶ್ ಮಾಡಿ. ಸಿಸ್ಟಂ ಸಮಯ ಬಿದ್ದುಹೋಗುವುದನ್ನು ನೀವೇ ನೋಡುತ್ತೀರಿ.

ಹೈಪರ್‌ಫೈನ್‌ನಲ್ಲಿ ಇದು ಪೂರ್ತಿ ಕಾಣಿಸದಿರಲು ಕಾರಣ, ಅದು ನಿಮ್ಮ ಔಟ್‌ಪುಟ್ ಅನ್ನು ಡೆವ್ ನಲ್‌ಗೆ, ಅಂದರೆ ಬರೆದದ್ದೆಲ್ಲ ಮಾಯವಾಗುವ ಲಿನಕ್ಸ್‌ನ ವಿಶೇಷ ಕಡತಕ್ಕೆ, ಸುರಿಯುತ್ತದೆ. ಅಲ್ಲಿಗೆ ಬರೆಯುವುದು ಬಹಳ ಅಗ್ಗ. ಕೆಲವು ಪ್ರೋಗ್ರಾಂಗಳಂತೂ ಡೆವ್ ನಲ್ ಅಂತ ಗುರುತಿಸಿ ಕೆಲಸವನ್ನೇ ಬಿಟ್ಟುಬಿಡುತ್ತವೆ. ಪಠ್ಯ ಹುಡುಕುವ ಗ್ನು ಗ್ರೆಪ್ ಇದಕ್ಕೆ ಒಳ್ಳೆಯ ಉದಾಹರಣೆ: ಔಟ್‌ಪುಟ್ ಯಾರೂ ನೋಡುವುದಿಲ್ಲ ಅಂತ ತಿಳಿದರೆ ಮೊದಲ ಹೊಂದಿಕೆ ಸಿಕ್ಕ ತಕ್ಷಣ ನಿಲ್ಲಿಸುತ್ತದೆ. ಇದು ಗೊತ್ತಿಲ್ಲದೆ ಗ್ರೆಪ್ ಜೊತೆ ತಮ್ಮ ಹುಡುಕುವ ಟೂಲ್ ಹೋಲಿಸಿ ಕಂಗಾಲಾದವರು ಬಹಳ ಮಂದಿ. ಔಟ್‌ಪುಟ್ ಆಯ್ಕೆಗೆ ಪೈಪ್ ಅಂತ ಕೊಟ್ಟರೆ ಹೈಪರ್‌ಫೈನ್ ನಿಜವಾದ ಪೈಪ್ ಮೂಲಕ ಓದಿ ಎಸೆಯುತ್ತದೆ. ಕಡತದ ಹೆಸರನ್ನೂ ಕೊಡಬಹುದು. ನಿಮ್ಮ ಬಳಕೆದಾರರು ಕಡತಕ್ಕೇ ಬರೆಸುವುದರಿಂದ ಅದನ್ನೇ ಕೊಡಿ.

ಪರೀಕ್ಷೆಯ ಪಠ್ಯಕ್ಕೆ ನನ್ನ ಒಪ್ಪಿಗೆ ಇಲ್ಲ. ಒಂದೇ ಪುಟ ಸಾವಿರ ಸಲ ಬಂದರೆ ಕೋಡ್ ಮುಂದೆ ಯಾವ ದಾರಿ ಹಿಡಿಯುತ್ತದೆ ಅಂತ ಊಹಿಸುವ ಸಿಪಿಯುವಿನ ಬ್ರಾಂಚ್ ಪ್ರೆಡಿಕ್ಟರ್‌ಗೆ ಅದು ಬಾಯಿಪಾಠ ಆಗುತ್ತದೆ, ಹುಡುಕುವ ಕೋಷ್ಟಕದ ಒಂದಿಷ್ಟು ಸಾಲುಗಳು ಮಾತ್ರ ಸಿಪಿಯುವಿನ ಕ್ಯಾಶ್‌ನಲ್ಲಿ ಬಿಸಿಯಾಗಿರುತ್ತವೆ. ನಿಜವಾದ ಕಡತದಲ್ಲಿ ಅಷ್ಟು ಸಲೀಸಲ್ಲ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ಹಿಂದೆ ಬರುತ್ತದೆ, ಯೂನಿಕೋಡ್‌ನಲ್ಲಿ ರ ಮತ್ತು ಹಲಂತ ಮುಂದೆ ಬರಬೇಕು. ಪರಿವರ್ತಕ ಅಲ್ಲಿ ಹಿಂದಕ್ಕೆ ಹೋಗಿ ಜೋಡಿಸಲೇಬೇಕು, ವೇಗ ಕಳೆದುಕೊಳ್ಳುವುದೂ ಹೆಚ್ಚಾಗಿ ಇಂಥ ಜಾಗಗಳಲ್ಲೇ. ಹಳೆಯ ಗದ್ಯ, ಒತ್ತಕ್ಷರ ಕಿಕ್ಕಿರಿದ ಸಂಸ್ಕೃತಭೂಯಿಷ್ಠ ಪಠ್ಯ, ಅಂಕಿ ಮತ್ತು ಇಂಗ್ಲಿಷ್ ಬೆರೆತ ಕಚೇರಿ ಪತ್ರ, ಹೀಗೆ ಬೇರೆ ಬೇರೆ ಬಗೆಯ ಕಡತ ಇಟ್ಟುಕೊಳ್ಳಿ. ಹೈಪರ್‌ಫೈನ್‌ನಲ್ಲಿ ಪ್ಯಾರಾಮೀಟರ್ ಲಿಸ್ಟ್ ಅನ್ನುವ ಆಯ್ಕೆಗೆ ಈ ಕಡತಗಳ ಹೆಸರು ಕೊಟ್ಟರೆ ಅದೇ ಒಂದೊಂದನ್ನೂ ಓಡಿಸುತ್ತದೆ.

"ಸೆಕೆಂಡಿಗೆ ಇಷ್ಟು ಮೆಗಾಬೈಟ್" ಅಂತ ಬರೆಯುವ ಆಸೆ ಇದ್ದರೆ ಒಳಬರುವ ಬೈಟೋ ಹೊರಹೋಗುವ ಬೈಟೋ ಅಂತ ಸ್ಪಷ್ಟವಾಗಿ ಹೇಳಿ. ಯೂನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್ 8 ರೂಪದಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್ (ಯೂನಿಕೋಡ್‌ನ ಒಂದು ಸಂಕೇತ) 3 ಬೈಟ್ ತಗೊಳ್ಳುತ್ತದೆ, ಹಾಗಾಗಿ ಹೊರಗಿನ ಲೆಕ್ಕ ಹಿಡಿದರೆ ಅಂಕಿ ಸುಮ್ಮನೆ ಉಬ್ಬುತ್ತದೆ.

ಇನ್ನೊಬ್ಬ ಸದಸ್ಯರು:

ಸರಾಸರಿಯ ಗೊಡವೆ ಯಾಕೆ? ಎಲ್ಲ ಓಟಗಳಲ್ಲಿ ಅತಿ ಕಡಿಮೆ ಸಮಯ ತಗೊಂಡರೆ ಗದ್ದಲವೆಲ್ಲ ಹೋಗುತ್ತದಲ್ಲ. ನಾವು ಹಾಗೇ ಮಾಡುತ್ತೇವೆ. ಶೇಕಡಾ 2ರಷ್ಟು ಸುಧಾರಣೆಯೂ ಅದರಲ್ಲಿ ಕಾಣುತ್ತದೆ.

ಉತ್ತರ:

ಪೂರ್ತಿ ಸಿಪಿಯುವಿನಲ್ಲೇ ನಡೆಯುವ, ಪ್ರತಿ ಸಲ ಅದೇ ಕೆಲಸ ಮಾಡುವ ಪ್ರೋಗ್ರಾಂಗೆ ನಿಮ್ಮ ವಾದ ಸರಿ. ಬೇರೆ ಪ್ರೋಗ್ರಾಂಗಳ ಗದ್ದಲ ಸಮಯವನ್ನು ಹೆಚ್ಚಿಸುತ್ತದೆ, ಕಡಿಮೆ ಮಾಡುವುದಿಲ್ಲ. ಡಿಸ್ಕ್ ಸೇರಿದ ಪರೀಕ್ಷೆಗೆ ಅದು ಸಲ್ಲದು, ಅಲ್ಲಿ ಏರಿಳಿತವೇ ಬಳಕೆದಾರರ ಅನುಭವ. ನಾನು ಹೈಪರ್‌ಫೈನ್‌ನ ಫಲಿತಾಂಶವನ್ನು ಜೇಸನ್ (JSON) ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಮಧ್ಯಾಂಕ ನೋಡುತ್ತೇನೆ, ಹರಡುವಿಕೆಯ ಚಿತ್ರವನ್ನೂ ಬಿಡಿಸುತ್ತೇನೆ. ಹೈಪರ್‌ಫೈನ್‌ನ ಕೋಡ್ ಜೊತೆಗೇ ಅದಕ್ಕೆ ಬೇಕಾದ ಪೈಥಾನ್ ಸ್ಕ್ರಿಪ್ಟ್‌ಗಳಿವೆ. ಚಿತ್ರದಲ್ಲಿ ಎರಡು ಗುಡ್ಡ ಕಂಡರೆ ಸರಾಸರಿ, ಕನಿಷ್ಠ, ಮಧ್ಯಾಂಕ ಮೂರನ್ನೂ ಬದಿಗಿಟ್ಟು ಕಾರಣ ಹುಡುಕಬೇಕು.

ಆ ಶೇಕಡಾ 2 ಮಾತ್ರ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. 2009ರ ಆಸ್‌ಪ್ಲಾಸ್ (ASPLOS) ಅನ್ನುವ ಕಂಪ್ಯೂಟರ್ ಸಂಶೋಧನಾ ಸಮ್ಮೇಳನದಲ್ಲಿ ಟಾಡ್ ಮಿಟ್ಕೊವಿಚ್ ಮತ್ತು ಸಂಗಡಿಗರು ಒಂದು ಪ್ರಬಂಧ ಮಂಡಿಸಿದರು. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಪ್ರೋಗ್ರಾಂ ಏಳುವಾಗ ಅದಕ್ಕೆ ಸಿಗುವ ಹೆಸರು-ಮೌಲ್ಯದ ಪಟ್ಟಿ) ಒಟ್ಟು ಗಾತ್ರ ಬದಲಾದರೆ ಸಾಕು, ಮೆಮೊರಿಯಲ್ಲಿ ಪ್ರೋಗ್ರಾಂನ ಸ್ಟ್ಯಾಕ್ ಶುರುವಾಗುವ ಜಾಗ ಸರಿದು ಪ್ರೋಗ್ರಾಂನ ವೇಗ ಬದಲಾಗುತ್ತದೆ ಅಂತ ಅವರು ತೋರಿಸಿದರು. ಕಂಪೈಲ್ ಆದ ತುಣುಕುಗಳಾದ ಆಬ್ಜೆಕ್ಟ್ ಕಡತಗಳನ್ನು ಲಿಂಕ್ ಮಾಡುವ ಕ್ರಮ ಬದಲಿಸಿದರೂ ಅದೇ ಕಥೆ. ನಿಮ್ಮ ಬಳಕೆದಾರ ಹೆಸರೂ ಹೋಮ್ ಫೋಲ್ಡರ್‌ನ ದಾರಿಯೂ ಎನ್ವಿರಾನ್‌ಮೆಂಟ್‌ನಲ್ಲೇ ಇರುತ್ತವೆ, ಅಂದರೆ ಹೆಸರು ಉದ್ದವಿದ್ದವರ ಯಂತ್ರದಲ್ಲಿ ಬೇರೆ ಅಂಕಿ ಬಂದರೂ ಆಶ್ಚರ್ಯವಿಲ್ಲ. ಕೋಡ್‌ನಲ್ಲಿ ಸಂಬಂಧವೇ ಇಲ್ಲದ ಒಂದು ಫಂಕ್ಷನ್ ಸೇರಿಸಿ ಬಿಲ್ಡ್ ಮಾಡಿ ನೋಡಿ. ಆ 2 ಉಳಿದರೆ ಮಾತಾಡೋಣ.

ಪ್ರಶ್ನೆ ಕೇಳಿದವರು:

ಬಫ್‌ರೈಟರ್ ಹಾಕಿದೆ, ಸಿಸ್ಟಂ ಸಮಯ ನಿಜಕ್ಕೂ ನೆಲ ಕಚ್ಚಿತು. ಕೊನೆಯದಾಗಿ ಒಂದು. ಪ್ರತಿ ಕಮಿಟ್‌ಗೂ (ಕೋಡ್ ಬದಲಾವಣೆಗೂ) ಪರೀಕ್ಷೆಗಳನ್ನು ತಾನಾಗಿ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಈ ವೇಗದ ಪರೀಕ್ಷೆ ಓಡಿಸಿ, ನಿಧಾನವಾದರೆ ಬಿಲ್ಡ್ ಫೇಲ್ ಮಾಡಬಹುದೇ? ರೀಡ್‌ಮಿಯಲ್ಲಿ ಏನು ಬರೆಯಲಿ?

ಉತ್ತರ:

ಸಮಯ ಅಳೆದು ಫೇಲ್ ಮಾಡಬೇಡಿ. ಗಿಟ್‌ಹಬ್‌ನದು ಹಂಚಿಕೊಂಡ ಯಂತ್ರ, ಪಕ್ಕದಲ್ಲಿ ಯಾರ ಕೆಲಸ ನಡೆಯುತ್ತಿದೆಯೋ ನಿಮಗೆ ತಿಳಿಯದು, ಇವತ್ತು ಸಿಕ್ಕ ಸಿಪಿಯುವೇ ನಾಳೆ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ವಾರದಲ್ಲೇ ಕೆಂಪು ಗುರುತು ಕಂಡರೂ ಯಾರೂ ತಿರುಗಿ ನೋಡದಂತಾಗುತ್ತದೆ. ಅಲ್ಲಿ ಕ್ಯಾಶ್‌ಗ್ರೈಂಡ್ ಬಳಸಿ ಸಿಪಿಯು ನಡೆಸುವ ಇನ್‌ಸ್ಟ್ರಕ್ಷನ್‌ಗಳನ್ನು ಎಣಿಸಿ. ಪ್ರೋಗ್ರಾಂಗಳ ಒಳಗನ್ನು ಪರೀಕ್ಷಿಸುವ ವಾಲ್‌ಗ್ರೈಂಡ್ ಕುಟುಂಬದ ಟೂಲ್ ಅದು, ಬಹಳ ನಿಧಾನ, ಆದರೆ ಎಣಿಕೆ ಓಟದಿಂದ ಓಟಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಎಸ್‌ಕ್ಯುಲೈಟ್ ಡೇಟಾಬೇಸ್ ತಂಡದವರು ತಮ್ಮ ಸಣ್ಣ ಸಣ್ಣ ಸುಧಾರಣೆಗಳನ್ನು ಹೀಗೇ ಅಳೆಯುತ್ತಾರೆ. ರಸ್ಟ್ ಕಂಪೈಲರ್ ಆವೃತ್ತಿಯನ್ನು ಮಾತ್ರ ಗಟ್ಟಿ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ರಸ್ಟ್‌ನವರು ಹೊಸ ಆವೃತ್ತಿ ಬಿಟ್ಟ ದಿನ ನಿಮ್ಮ ಬಿಲ್ಡ್ ಬೀಳುತ್ತದೆ. ಇನ್‌ಸ್ಟ್ರಕ್ಷನ್ ಎಣಿಕೆಗೆ ಡಿಸ್ಕ್‌ಗಾಗಿ ಕಾಯುವುದು ಕಾಣುವುದಿಲ್ಲ, ಕರ್ನಲ್ ಒಳಗೆ ನಡೆಯುವುದೂ ಕಾಣುವುದಿಲ್ಲ. ನಿಮ್ಮ ಪ್ರಿಂಟ್‌ಎಲ್‌ಎನ್ ತೊಂದರೆಯ ದೊಡ್ಡ ಪಾಲು ಅದರಿಂದ ತಪ್ಪಿಸಿಕೊಳ್ಳುತ್ತಿತ್ತು. ಹಾಗಾಗಿ ಬಿಡುಗಡೆಗೆ ಮುಂಚೆ ನಿಮ್ಮದೇ ಯಂತ್ರದಲ್ಲಿ ಹೈಪರ್‌ಫೈನ್ ಓಡಿಸಿ, ಹಿಂದಿನ ಬಿಡುಗಡೆಯ ಬೈನರಿಯನ್ನೂ ಪಕ್ಕದಲ್ಲೇ ಇಟ್ಟು ಓಡಿಸಿ. ಹಳೆಯ ಅಂಕಿಯನ್ನು ಹಳೆಯ ಕಡತದಿಂದ ಎತ್ತಿ ಹೋಲಿಸಬೇಡಿ.

ರೀಡ್‌ಮಿಗೆ ಹೈಪರ್‌ಫೈನ್‌ನ ಮಾರ್ಕ್‌ಡೌನ್ (ರೀಡ್‌ಮಿ ಬರೆಯುವ ಸರಳ ಪಠ್ಯರೂಪ) ಎಕ್ಸ್‌ಪೋರ್ಟ್ ಸಾಕು. ಸರಾಸರಿ, ಕನಿಷ್ಠ, ಗರಿಷ್ಠ, ಎಷ್ಟು ಪಟ್ಟು ಅನ್ನುವ ಕೋಷ್ಟಕವನ್ನು ಅದೇ ಕೊಡುತ್ತದೆ. ಒಂದು ಸಾಲು ಚಿಕ್ಕ ಕಡತಕ್ಕೆ, ಒಂದು ದೊಡ್ಡದಕ್ಕೆ ಬೇರೆ ಬೇರೆಯಾಗಿ ಇರಲಿ. ಕೆಳಗೆ ಸಿಪಿಯು ಹೆಸರು, ಕರ್ನಲ್, ಪೈಥಾನ್ ಮತ್ತು ರಸ್ಟ್ ಆವೃತ್ತಿ, ಕ್ಯಾಶ್ ಬೆಚ್ಚಗಿತ್ತೋ ತಣ್ಣಗಿತ್ತೋ, ಔಟ್‌ಪುಟ್ ಎಲ್ಲಿಗೆ ಹೋಯಿತು ಅನ್ನುವುದನ್ನು ಹಾಕಿ. ಓಡಿಸಿದ ಪೂರ್ತಿ ಕಮಾಂಡನ್ನು ಒಂದು ಸ್ಕ್ರಿಪ್ಟ್ ಆಗಿ ಕೋಡ್ ಜೊತೆಗೇ ಇಡಿ, ಪರೀಕ್ಷೆಯ ಕಡತಗಳನ್ನು ಹಂಚಲು ಹಕ್ಕಿದ್ದರೆ ಅವನ್ನೂ.