ಪೊಟ್ಟಣದ ಮೇಲೆ ‘ಸ್ನಾನದ ಲವಣ’ ಎಂದಿದ್ದರೆ?

ಪ್ರಶ್ನೆ: ಡಾಕ್ಟರೇ, ನಾನು ಉಪನ್ಯಾಸಕಿ. ನನ್ನ ವಿದ್ಯಾರ್ಥಿಯ ಬಳಿ ಬಿಳಿ ಪುಡಿಯ ಪೊಟ್ಟಣವೊಂದಿತ್ತು. ಅದರ ಮೇಲೆ ‘ಸ್ನಾನದ ಲವಣ, ಮನುಷ್ಯರ ಸೇವನೆಗಲ್ಲ’ ಎಂದು ಅಚ್ಚಾಗಿತ್ತು. ನಿಷೇಧಿತ ಪಟ್ಟಿಯಲ್ಲಿ ಇದರ ಹೆಸರಿಲ್ಲ, ಆದ್ದರಿಂದ ಅಪಾಯವಿಲ್ಲ ಎನ್ನುತ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ: ಮೇಡಂ, ಆ ಒಕ್ಕಣೆ ಗ್ರಾಹಕನಿಗೆ ಕೊಟ್ಟ ಎಚ್ಚರಿಕೆಯಲ್ಲ, ಮಾರುವವನು ಕಾನೂನಿನಿಂದ ನುಣುಚಿಕೊಳ್ಳಲು ಮಾಡಿಕೊಂಡ ಉಪಾಯ. ಇಂಥ ಪೊಟ್ಟಣಗಳಲ್ಲಿ ಹೆಚ್ಚಾಗಿ ಇರುವುದು ಕೃತಕ ಕ್ಯಾಥಿನೋನುಗಳು, ಅಂದರೆ ಖಾತ್ ಗಿಡದ ಎಲೆಯಲ್ಲಿರುವ ಉತ್ತೇಜಕದ ರಚನೆಯನ್ನು ತುಸು ಬದಲಿಸಿ ತಯಾರಿಸಿದ ರಾಸಾಯನಿಕಗಳು. ಮೆಫೆಡ್ರೋನನ್ನೇ ನೋಡಿ: 1929ರಷ್ಟು ಹಿಂದೆಯೇ ತಯಾರಾಗಿದ್ದ ಈ ವಸ್ತು ಸುಮಾರು ಏಳು ದಶಕಗಳ ಬಳಿಕ ಅಮಲಿನ ಮಾರುಕಟ್ಟೆಗೆ ಬಂತು, ಬ್ರಿಟನ್ 2010ರಲ್ಲಿ ಅದನ್ನು ನಿಷೇಧಿಸಿತು, ಮನಸ್ಸಿನ ಮೇಲೆ ಪರಿಣಾಮ ಬೀರುವ ವಸ್ತುಗಳನ್ನು ನಿಯಂತ್ರಿಸುವ ವಿಶ್ವಸಂಸ್ಥೆಯ 1971ರ ಒಪ್ಪಂದದ ಎರಡನೆಯ ಅನುಸೂಚಿಗೆ ಅದು ಸೇರಿದ್ದು 2015ರಲ್ಲಿ. ಈ ನಡುವಿನ ವರ್ಷಗಳಲ್ಲಿ ಎಷ್ಟೋ ಕಡೆ ಅದು ‘ಕಾನೂನುಬದ್ಧ’ವಾಗಿತ್ತು, ಆದರೆ ಒಂದು ದಿನವೂ ಸುರಕ್ಷಿತವಾಗಿರಲಿಲ್ಲ.

ಪ್ರಶ್ನೆ: ಹಾಗಾದರೆ ಎಲ್ಲವನ್ನೂ ಒಮ್ಮೆಗೇ ನಿಷೇಧಿಸಬಾರದೇಕೆ?

ಉತ್ತರ: ಅಂಥ ಪ್ರಯತ್ನಗಳು ನಡೆದಿವೆ. ಒಂದೊಂದೇ ಹೆಸರನ್ನು ಪಟ್ಟಿಗೆ ಸೇರಿಸುವಷ್ಟರಲ್ಲಿ ಅಣುವಿನ ಒಂದು ಕೊಂಡಿ ಬದಲಾಗಿ ಹೊಸ ವಸ್ತು ಬಂದಿರುತ್ತದೆ. ಅದಕ್ಕಾಗಿ ಕೆಲವು ದೇಶಗಳು ಒಂದೇ ಮೂಲರಚನೆಯ ಇಡೀ ಕುಟುಂಬವನ್ನು ನಿಷೇಧಿಸಿದರೆ, ಬ್ರಿಟನ್ 2016ರ ಕಾಯ್ದೆಯಲ್ಲಿ ಮದ್ಯ, ತಂಬಾಕು, ಔಷಧಗಳಂಥ ಕೆಲವನ್ನು ಬಿಟ್ಟು ಮನಸ್ಸಿನ ಮೇಲೆ ಪರಿಣಾಮ ಬೀರುವ ವಸ್ತುಗಳ ಮಾರಾಟವನ್ನೇ ಅಪರಾಧವಾಗಿಸಿತು. ಇದರಿಂದ ಬಹಿರಂಗ ಮಾರಾಟ ಕುಗ್ಗಿತು, ಗುಟ್ಟಿನ ವ್ಯಾಪಾರ ನಿಲ್ಲಲಿಲ್ಲ.

ಪ್ರಶ್ನೆ: ಯಾರಾದರೂ ಸೇವಿಸಿ ಅಸ್ವಸ್ಥರಾದರೆ ಮೂತ್ರಪರೀಕ್ಷೆಯಲ್ಲಿ ತಿಳಿಯುವುದೇ?

ಉತ್ತರ: ಸಾಮಾನ್ಯ ಪರೀಕ್ಷೆಯಲ್ಲಿ ಬಹುಪಾಲು ತಿಳಿಯುವುದಿಲ್ಲ. ಆದ್ದರಿಂದ ನಾವು ವರದಿಗೆ ಕಾಯದೆ ರೋಗಿಯನ್ನೇ ನೋಡುತ್ತೇವೆ: ಅಗಲಿಸಿದ ಕಣ್ಣಪಾಪೆ, ಓಡುವ ನಾಡಿ, ಯಾರೋ ಬೆನ್ನಟ್ಟಿದ್ದಾರೆಂಬ ಭಯ, ಮುಟ್ಟಿದರೆ ಕೈಗೆ ಬಿಸಿ ತಾಗುವ ಮೈ. ನಮಗೆ ಅತಿ ಹೆಚ್ಚು ದಿಗಿಲು ಹುಟ್ಟಿಸುವುದು ಆ ಬಿಸಿಯೇ. ಅದು ತೀರ ಏರಿದರೆ ಸ್ನಾಯುಗಳು ಕರಗಿ ಮೂತ್ರಪಿಂಡಗಳು ಕೈಕೊಡುತ್ತವೆ. ಇದು ಸೋಂಕಿನ ಜ್ವರವಲ್ಲವಾದ್ದರಿಂದ ಪ್ಯಾರಾಸಿಟಮಾಲ್‌ನಿಂದ ಇಳಿಯುವುದಿಲ್ಲ. ಇದಕ್ಕೆ ಪ್ರತಿವಿಷವೂ ಇಲ್ಲ. ಡಯಾಜೆಪಾಮ್‌ನಂಥ ಶಮನಕಾರಿಗಳು ಮತ್ತು ಮೈ ತಣಿಸುವುದೇ ಚಿಕಿತ್ಸೆ. ಕೂಡಲೇ ಆಂಬ್ಯುಲೆನ್ಸ್ ಕರೆಯಿರಿ. ಅದು ಬರುವವರೆಗೆ ಬಟ್ಟೆ ಸಡಿಲಿಸಿ, ಒದ್ದೆಬಟ್ಟೆ ಹಾಕಿ ಗಾಳಿ ಬೀಸಿ. ಒದ್ದಾಡುವವನನ್ನು ಬಲವಂತವಾಗಿ ಅದುಮಿ ಹಿಡಿಯಬೇಡಿ, ಆ ಗುದ್ದಾಟದಿಂದಲೇ ಬಿಸಿ ಇನ್ನಷ್ಟು ಏರುತ್ತದೆ. ಪೊಟ್ಟಣವನ್ನು ಎಸೆಯದೆ ವೈದ್ಯರ ಕೈಗೆ ಕೊಡಿ.