ಅವ್ವನ ನೋವು ಎಷ್ಟೈತಿ ಅಂತ ಡಾಕ್ಟ್ರಿಗೆ ಹೇಳೋದು ಹೆಂಗ?

ಪ್ರಶ್ನೆ, ಸಿಂಧನೂರಿನಿಂದ: ನಮ್ಮವ್ವಗ 68 ವರ್ಷ. ಎರಡೂ ಮೊಣಕಾಲು ನೋವು, ಮ್ಯಾಲ ಶುಗರ್ ಬ್ಯಾರೆ. ರಾತ್ರಿ ಪಾದ ಉರೀತಾವ ಅಂತಾಳ. ಡಾಕ್ಟ್ರು "ಹತ್ತಕ್ಕ ಎಷ್ಟು?" ಅಂದ್ರ "ಭಾಳ ಐತ್ರಿ" ಅಂದು ಸುಮ್ನಾಗ್ತಾಳ. ಓದು ಬರಹ ಇಲ್ಲ. ಮುಂದಿನ ತಿಂಗಳು ತೋರ್ಸಾಕ ಹೋಗೋದೈತಿ. ಅಷ್ಟರಾಗ ಮನ್ಯಾಗ ಏನು ಬರೆದಿಟ್ಕೊಳ್ಳಬೇಕು?

ಫಿಸಿಯೋಥೆರಪಿಸ್ಟ್, ಬಳ್ಳಾರಿ: ಅಂಕಿ ಕೇಳೋ ಮೊದಲು ಎರಡು ತುದಿ ಏನಂತ ಹೇಳಿಕೊಡಬೇಕು. 0 ಅಂದ್ರೆ ನೋವೇ ಇಲ್ಲ, 10 ಅಂದ್ರೆ ಅವರು ಊಹಿಸಬಹುದಾದ ಅತಿ ಕೆಟ್ಟ ನೋವು. ಬಾಯಲ್ಲಿ ಅಂಕಿ ಬರದಿದ್ರೆ ಹತ್ತು ಹುಣಸೆ ಬೀಜ ಮುಂದಿಟ್ಟು, ಈಗಿನ ನೋವಿಗೆ ಎಷ್ಟು ಬೀಜ ಎತ್ತಿಡ್ತೀರಿ ಅಂತ ಕೇಳಿ. 10 ಸೆಂ.ಮೀ. ಗೆರೆ ಎಳೆದು ಅದರ ಮೇಲೆ ಗುರುತು ಹಾಕಿಸೋ ಪದ್ಧತಿಯೂ ಇದೆ. ಆದರೆ ವಯಸ್ಸಾದವರಿಗೆ, ಪೆನ್ನು ಹಿಡಿದು ರೂಢಿಯಿಲ್ಲದವರಿಗೆ ಅದು ಗೊಂದಲ, ಬಿಟ್ಟುಬಿಡಿ.

ದಿನಕ್ಕೊಂದು ಅಂಕಿ ಸಾಲದು. ಕೂತಾಗ ಎಷ್ಟು, ಎದ್ದು ಹತ್ತು ಹೆಜ್ಜೆ ಹಾಕಿದಾಗ ಎಷ್ಟು ಅಂತ ಎರಡು ಬೇರೆ ಬರೀರಿ. ಕೂತಾಗ 2 ಇರೋ ಮೊಣಕಾಲು ಏಳುವಾಗ 7 ಇರಬಹುದು. ಆಸ್ಪತ್ರೆಯ ಕುರ್ಚಿ ಮೇಲೆ ಕೂತಿರುವಾಗ ಕೇಳಿದ್ರೆ ಚೀಟಿಯಲ್ಲಿ ಆ 2 ಮಾತ್ರ ದಾಖಲಾಗುತ್ತೆ. ಕೇಳೋ ಹೊತ್ತು ಬದಲಿಸಬೇಡಿ: ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಮಲಗೋ ಮುಂಚೆ. ನಿನ್ನೆಯ ಅಂಕಿ ನೆನಪಿಸಬೇಡಿ. "ಇವತ್ತು ಕಮ್ಮಿ ಆಗೈತಲ್ಲ?" ಅಂದ್ರೆ ಮಕ್ಕಳ ಮನಸ್ಸು ನೋಯಬಾರದು ಅಂತಾದ್ರೂ ಹೌದು ಅಂತಾರೆ.

ಅವರ 6ನ್ನು ಪಕ್ಕದ ಮನೆಯವರ 6ರ ಜೊತೆ ಹೋಲಿಸೋಕೆ ಬರಲ್ಲ, ಅವರದ್ದೇ ಹಿಂದಿನ ಅಂಕಿ ಜೊತೆ ಮಾತ್ರ. 7 ಇದ್ದದ್ದು 6 ಆಯ್ತು ಅಂದ ಮಾತ್ರಕ್ಕೆ ಔಷಧಿ ಹಿಡೀತು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ 2 ಅಂಕಿ, ಅಥವಾ ಶೇ. 30ರಷ್ಟು ಇಳಿದ್ರೆ ನಿಜವಾದ ಸುಧಾರಣೆ ಅಂತ ಲೆಕ್ಕ.

ಸ್ಟಾಫ್ ನರ್ಸ್, ರಾಯಚೂರು: ಮೊಣಕಾಲಿನದು ಒಂದು ಹಾಳಿ, ಪಾದದ್ದು ಇನ್ನೊಂದು ಹಾಳಿ ಮಾಡ್ರಿ. ಎರಡೂ ಬ್ಯಾರೆ ನಮೂನಿ ನೋವು. ಸವೆದ ಮೊಣಕಾಲು ನಡೆದ್ರ ಹೆಚ್ಚು, ಕೂತ್ರ ಕಮ್ಮಿ. ಬೆಳಿಗ್ಗೆ ಬಿಗಿಯಾಗಿದ್ರೂ ಅರ್ಧ ತಾಸಿನೊಳಗ ಸಡ್ಲಾಗ್ತೈತಿ. ತಾಸಿಗಿಂತ ಹೆಚ್ಚು ಹಿಡ್ಕೊಂಡ್ರ, ಕೈಬೆರಳ ಕೀಲೂ ಬಾತ್ರ, ಅದನ್ನ ಮರೀದೆ ಹೇಳ್ರಿ.

ಪಾದದ್ದು ಶುಗರಿನಿಂದ ನರಕ್ಕ ಆದ ತೊಂದರೆ ಇರಬಹುದು. ಉರಿ, ಜುಮುಜುಮು, ಕರೆಂಟ್ ಹೊಡೆದಂಗ ಸೆಳೆತ, ಇರುವಿ ಹರಿದಂಗ, ಜೋಮು: ಅವ್ವಾರು ಯಾವ ಮಾತು ಆಡ್ತಾರೋ ಅದನ್ನ ಹಂಗೇ ಬರೀರಿ, "ನೋವು" ಅಂತ ತಿದ್ದಬ್ಯಾಡ್ರಿ. ನರದ ನೋವು ಗುರುತಿಸಾಕ ಡಾಕ್ಟ್ರು ಬಳಸೋ ಡಿಎನ್4 ಅನ್ನೋ ಪಟ್ಟಿಯೊಳಗ ಹತ್ತು ಅಂಶ ಅದಾವ. ನಾಲ್ಕು ಅಥವಾ ಹೆಚ್ಚಿಗೆ "ಹೌದು" ಬಂದ್ರ ನರದ ನೋವಿನ ಅನುಮಾನ. ಅದಕ್ಕ ಔಷಧಿನೂ ಬ್ಯಾರೆ, ಮೊಣಕಾಲಿನ ಗುಳಿಗಿ ಅಲ್ಲಿ ಅಷ್ಟು ಕೆಲಸ ಮಾಡಂಗಿಲ್ಲ. ಬಿಸಿನೀರಾಗ ಪಾದ ಇಡಿಸಬ್ಯಾಡ್ರಿ. ಸ್ಪರ್ಶ ಕಮ್ಮಿ ಇದ್ದ ಪಾದ ಸುಟ್ರೂ ತಿಳಿಯಂಗಿಲ್ಲ.

ವೈದ್ಯರು, ಕೊಪ್ಪಳ: ಅಂಕಿಗಿಂತ ಮುಖ್ಯವಾದದ್ದು, ನೋವು ಯಾವ ಕೆಲಸ ನಿಲ್ಲಿಸಿದೆ ಎಂಬುದು. ಕೆಳಗೆ ಕೂತು ರೊಟ್ಟಿ ಬಡಿಯಲು ಆಗುತ್ತದೆಯೇ? ನೆಲದಿಂದ ಏಳಲು ಕೈ ಊರಬೇಕೇ? ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ? ಇವು ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಮಾತ್ರೆಯ ಹೆಸರು, ಮಿ.ಗ್ರಾಂ., ನುಂಗಿದ ಹೊತ್ತು, ಮುಂಚಿನ ಅಂಕಿ, ಒಂದು ತಾಸಿನ ನಂತರದ ಅಂಕಿ ಬರೆಯಿರಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಗುಳಿಗೆ, ಊರಲ್ಲಿ ಹಾಕಿಸಿಕೊಂಡ ಇಂಜೆಕ್ಷನ್ ಮುಚ್ಚಿಡಬೇಡಿ. ಡೈಕ್ಲೋಫೆನಾಕ್‌ನಂಥ ನೋವಿನ ಔಷಧಿಗಳು ಶುಗರ್ ಇರುವವರ ಕಿಡ್ನಿಗೆ ಪೆಟ್ಟು ಕೊಡಬಹುದು, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಇದ್ದರೆ ತನ್ನಿ. ಎರಡು ಮೂರು ಔಷಧಿ ಸೇರಿಸಿದ ಗುಳಿಗೆಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ವಯಸ್ಕರಿಗೆ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು, ಬಡಕಲು ಮೈಯ ವೃದ್ಧರಿಗೆ ಅದಕ್ಕೂ ಕಡಿಮೆ.

ಯಾವ ನೀರು ಕುಡಿಯುತ್ತಾರೆ ಎಂದೂ ಹೇಳಿ. ರಾಯಚೂರು, ಕೊಪ್ಪಳದ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಕುಡಿದರೆ ಕೀಲು, ಕುತ್ತಿಗೆ, ಬೆನ್ನು ಬಿಗಿಯುತ್ತವೆ.

ಸ್ಟಾಫ್ ನರ್ಸ್, ರಾಯಚೂರು: ಒಂದು ಬಿಟ್ಟಿದ್ದೆ. ದಿನಾ ಪಾದದ ತಳ, ಬೆರಳ ಸಂದಿ ನೋಡ್ರಿ. ಗಾಯ, ಕೆಂಪು ಬಾವು ಕಂಡ್ರ, ನೋವಿಲ್ಲ ಅಂದ್ರೂ, ಇಲ್ಲಾ ಮೊಣಕಾಲು ಬಿಸಿಯಾಗಿ ಜ್ವರ ಬಂದ್ರ, ಮುಂದಿನ ತಿಂಗಳ ತನಕ ಕಾಯಬ್ಯಾಡ್ರಿ. ಅವತ್ತೇ ಕರ್ಕೊಂಡು ಹೋಗ್ರಿ.